ಚಿತ್ರದ ಹಂಸವೂ ಒಡಕಲು ಬಿಂಬವೂ
(ಕನ್ನಡ ನಾಟಕದಲ್ಲಿ ಅಂತರಂಗದ ಅದ್ಭುತವನ್ನು ಕುರಿತ ವಿಮರ್ಶೆ)

೧

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರವೇ ಮೊದಲಾಗಿ ಹಳೆಯ ಮೈಸೂರು ಸೀಮೆಯ ಹಳ್ಳಿಗಳಿಗೆಲ್ಲ ‘ಶನಿಮಹಾತ್ಮೆ’ಯ ಕಥೆಯು ಚಿರಪರಿಚಿತವಾದುದು. ಸುಗ್ಗಿ ಮುಗಿದು ಕಣಗಳು ಬರಿದಾದ ಮೇಲೆ ಹಾರ್ಮೋನಿಯಂ ಮೇಷ್ಟರಿಂದ ಪಾಠ ಹೇಳಿಸಿಕೊಂಡು, ಬೆಳಗಾಗುವ ವರೆಗೆ ಪೌರಾಣಿಕ ನಾಟಕಗಳನ್ನು ಆಡುವ ಈ ಸೀಮೆಯ ಜನರಿಗೆ ವಿಕ್ರಮರಾಜನ ಕಷ್ಟಪರಂಪರೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಆ ಕಥೆಯಲ್ಲಿ ಒಂದು ಸಂದರ್ಭವುಂಟು. ರಾಜ್ಯಭ್ರಷ್ಟನಾದ ವಿಕ್ರಮನು ಪರದೇಶದ ವರ್ತಕನೊಬ್ಬನ ಮನೆಯಲ್ಲಿ ತಂಗಿರುವಾಗ, ಗೋಡೆಯ ಮೇಲೆ ಬರೆದಿದ್ದ ಹಂಸವು ಜೀವತಳೆದು ಮುತ್ತಿನ ಹಾರವನ್ನು ನುಂಗಿಬಿಡುತ್ತದೆ. ಕಳವಿನ ಅಪವಾದವು ಅತಿಥಿಯ ತಲೆಗೆ ಬರುತ್ತದೆ. ಆತನು ಕೈಕಾಲುಗಳನ್ನು ಕಡಿಸಿಕೊಂಡು ಗಾಣದ ಮನೆಯನ್ನು ಸೇರುತ್ತಾನೆ. ಏಳೂವರೆ ವರ್ಷಗಳ ಅವಧಿಯು ತೀರಿ ಶನಿದೇವನು ಪ್ರಸನ್ನನಾದೊಡನೆ ಕಳೆದ ಅವಯವಗಳು ಮರಳುತ್ತವೆ. ಚಿತ್ರದ ಹಂಸವೂ ನುಂಗಿದ ಹಾರವನ್ನು ಉಗುಳುತ್ತದೆ.

ಬಣ್ಣದ ಹಕ್ಕಿಯು ಹಾರವನ್ನು ನುಂಗಿದುದು ಹೇಗೆಂದು ನೆರೆದ ಸಭೆಯಲ್ಲಿ ಯಾರೂ ಕೇಳುವುದಿಲ್ಲ. ಅದು ಗ್ರಹದ ಕಾಟವೆಂಬುದು ಹಸುಳೆಗೂ ಗೊತ್ತು. ಹೀಗಿರುವಲ್ಲಿ, ಕನಸು, ಭ್ರಮೆ, ಇಬ್ಬಗೆಯಾದ ವ್ಯಕ್ತಿತ್ವ, ಮಾತನಾಡುವ ಗೊಂಬೆ ಮೊದಲಾದುವನ್ನು ರಂಗಕ್ಕೆ ತಂದು ಮನಸ್ಸಿನ ಒಳವ್ಯಾಪಾರಗಳನ್ನು ತೋರಿಸಲೆಳಸುವ ಇತ್ತೀಚಿನ ಕನ್ನಡ ನಾಟಕಗಳ ವಿಷಯದಲ್ಲಿ ಎರಡು ಆಕ್ಷೇಪಗಳು ಪದೇ ಪದೇ ಕೇಳಿಬರುತ್ತಿರುವುದು ವಿಚಾರಾರ್ಹವಾಗಿದೆ. ಇಂತಹ ನಾಟಕಗಳು ಪಾಶ್ಚಾತ್ಯರಿಂದ ಎರವು ತಂದ ಸರಕೆಂಬುದು ಒಂದು. ಸಾಮಾನ್ಯ ಪ್ರೇಕ್ಷಕನಿಗೆ ದುರ್ಬೋಧವೆಂಬುದು ಮತ್ತೊಂದು. ಗೋಡೆಯ ಹಂಸವನ್ನು ಒಪ್ಪಿದವನು ಗೊಂಬೆಯ ಮಾತನ್ನು ಒಪ್ಪಲಾರನೆಂದು ಹೇಳುವುದು ಸರಿಯೆ? ಒಪ್ಪಲು ತೊಡಕಿರುವುದಾದರೆ ಅದು ಅದ್ಭುತದಲ್ಲಿದೆಯೋ ಅಥವಾ ಅದರ ಮೂಲವನ್ನು ಹೊರಗಿನಿಂದ ಒಳಕ್ಕೆ ತಿರುಗಿಸಿದುದರಲ್ಲಿದೆಯೋ? ಈ ಪ್ರಶ್ನೆಯನ್ನು ಕೆಲವು ಪ್ರಸಿದ್ಧ ಕೃತಿಗಳ ಆಧಾರದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಪರಿಭಾಷೆಯನ್ನು ನಿಶ್ಚಯಿಸಿಕೊಳ್ಳಬೇಕು. ‘ಸರ್ರಿಯಲಿಸಂ’ ಎಂಬ ಮಾತು ಹುಟ್ಟಿದುದೇ ರಂಗಭೂಮಿಯ ನೆರೆಯಲ್ಲಿ. ೧೯೧೭ರಲ್ಲಿ ಫ್ರೆಂಚ್ ಕವಿ ಅಪೊಲಿನೇರನು ಅದನ್ನು ಬಳಕೆಗೆ ತಂದು, ತನ್ನದೊಂದು ನಾಟಕಕ್ಕೇ ಆ ಹೆಸರನ್ನು ಅನ್ವಯಿಸಿದನು. ೧೯೨೪ರಲ್ಲಿ ಆಂದ್ರೆ ಬ್ರೆತಾನನು ತನ್ನ ಘೋಷಣಾಪತ್ರದಲ್ಲಿ ಅದಕ್ಕೆ, ವಿವೇಕದ ಕಟ್ಟುಪಾಡಿಗೆ ಒಳಪಡದ ಚಿತ್ತವ್ಯಾಪಾರವೆಂಬ ಅರ್ಥವನ್ನು ಸ್ಥಿರಪಡಿಸಿದನು. ಇದಕ್ಕೂ ಹಿಂದೆಯೇ ಸ್ವೀಡನ್ನಿನ ಸ್ಟ್ರಿಂಡ್‌ಬರ್ಗನು ‘ಕನಸಿನ ನಾಟಕ’ವನ್ನು ಬರೆದಿದ್ದನು, ಅದು ರಂಗವನ್ನೇರಿದುದು ೧೯೦೭ರಲ್ಲಿ. ರಷ್ಯದ ಎವ್ರೇಯಿನೊವನು ೧೯೧೨ರ ಒಂದು ಕಿರುನಾಟಕದಲ್ಲಿ ಮನುಷ್ಯನ ಎದೆಗೂಡನ್ನೇ ರಂಗಸ್ಥಳವನ್ನಾಗಿಸಿ, ವಿವೇಕದ ‘ನಾನು’ ಮತ್ತು ಭಾವಾವೇಶದ ‘ನಾನು’ ಎಂಬವರು ಪರಸ್ಪರ ಕಾದಾಡುವಂತೆ ಮಾಡಿದನು. ಕನ್ನಡದಲ್ಲಿ ಇಂತಹುದನ್ನು ‘ಅತಿವಾಸ್ತವ’ವೆಂದು ಕರೆಯುವ ವಾಡಿಕೆ ಬಂದಿದೆ.

ಆದರೆ ಭಾರತೀಯ ನಾಟ್ಯಪರಂಪರೆಯು ಚಿತ್ತದ ಈ ಅವಸ್ಥೆಗಳನ್ನು ಅರಿಯದುದಲ್ಲ. ಭರತಮುನಿಯು ಗಣಿಸಿದ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ನಿದ್ರೆ, ಸುಪ್ತ, ವಿಬೋಧ, ಉನ್ಮಾದ, ಅಪಸ್ಮಾರಗಳು ಸೇರಿವೆ. ಭಾಸನ ‘ಸ್ವಪ್ನವಾಸವದತ್ತ’ದಲ್ಲಿ ನಿದ್ರಿಸುತ್ತಿರುವ ಉದಯನನು ಕನಸಿನಲ್ಲಿ ವಾಸವದತ್ತೆಯನ್ನು ಕರೆಯುತ್ತಾನೆ, ಸತ್ತಳೆಂದು ಆತನು ನಂಬಿದ ಆಕೆಯೇ ಪಕ್ಕದಲ್ಲಿದ್ದು ಉತ್ತರಿಸುತ್ತಾಳೆ. ಎಚ್ಚತ್ತ ಮೇಲೆ, ಕಂಡುದು ಕನಸೋ ನಿಜವೋ ಎಂಬುದು ಅರಸನಿಗೆ ತಿಳಿಯದು. ಅಲ್ಲಿಯ ಸೊಬಗನ್ನು ಸಹೃದಯರು ಬಲ್ಲರು. ಆದರೂ ಆ ಕನಸು ಉದಯನನದು ಮಾತ್ರವೇ. ಅವನ ಸುತ್ತಣ ಜಗತ್ತು ಎಂದಿನಂತೆ ಭದ್ರವಾಗಿಯೇ ನಿಂತಿದೆ. ಹನ್ನೊಂದನೆಯ ಶತಮಾನದಲ್ಲಿ ಕೃಷ್ಣಮಿಶ್ರನು ರಚಿಸಿದ ‘ಪ್ರಬೋಧಚಂದ್ರೋದಯ’ವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಿವೇಕ ಮಹಾಮೋಹಗಳನ್ನೇ ರಾಜರನ್ನಾಗಿ ಮಾಡಿ ರಂಗಕ್ಕೆ ತಂದಿತು. ಅಲ್ಲಿ ರಂಗವೇ ಮನಸ್ಸಾಗಿದೆ, ನಿಜ. ಆದರೆ ಯಾರು ಗೆಲ್ಲಬೇಕೆಂಬುದನ್ನು ಸಿದ್ಧಾಂತವು ಮೊದಲೇ ನಿರ್ಧರಿಸಿಬಿಟ್ಟಿದೆ. ಆ ಯುದ್ಧದಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಈ ಎರಡೂ ಬಗೆಗಳಿಂದ ಭಿನ್ನವಾದ ನಾಟಕವೊಂದು ಕನ್ನಡದಲ್ಲಿ ಹುಟ್ಟಿದುದು ೧೯೬೦ರಿಂದ ಈಚೆಗೆ. ಆ ವರ್ಷದ ‘ಕೇಳು ಜನಮೇಜಯ’ದಿಂದ ದಾರಿ ತೆರೆದವರು ಶ್ರೀರಂಗರು; ನಾಟ್ಯಶಾಸ್ತ್ರವನ್ನು ಕನ್ನಡಿಸಿದವರೇ ನವ್ಯನಾಟಕಕ್ಕೂ ನಾಂದಿ ಹಾಡಿದರೆಂಬುದನ್ನು ಅನುಕರಣವಾದಿಗಳು ಗಮನಿಸಬೇಕು. ಇಲ್ಲಿಂದ ಮುಂದಿನ ಕೃತಿಗಳನ್ನು ತೂಗಿನೋಡಲು ಮೂರು ಪ್ರಶ್ನೆಗಳು ಸಾಕು. ರಂಗದ ಮೇಲಣ ಅದ್ಭುತಕ್ಕೆ ತನ್ನದೇ ಆದ ನಿಯಮವೊಂದು ಉಂಟೆ? ಪಾತ್ರವು ತಾನಾಗಿ ಆಡಲಾರದ ಮಾತನ್ನು ಅದು ಹೊರಗೆಡಹುವುದೆ? ಅದರಿಂದ ಒದಗಿದ ಫಲವನ್ನು ಪಾತ್ರವು ಹೊರಬೇಕಾಗುವುದೆ? ಶನಿಮಹಾತ್ಮೆಯ ಹಂಸಕ್ಕೆ ಮೊದಲನೆಯದು ಉಂಟು. ಏಳೂವರೆ ವರ್ಷಗಳ ಲೆಕ್ಕವು ತಪ್ಪುವುದಿಲ್ಲ. ಉಳಿದೆರಡು ಇಲ್ಲ. ವಿಕ್ರಮನು ಶನಿಯನ್ನು ಕಂಡು ನಕ್ಕ ಗರ್ವಕ್ಕೆ ಶಿಕ್ಷೆಯಾಯಿತೇ ಹೊರತು ಆ ಗರ್ವದ ಒಳಗೇನಿತ್ತೆಂಬುದನ್ನು ಹಂಸವು ಹೇಳಲಿಲ್ಲ. ಕಡೆಯಲ್ಲಿ ಕಳೆದುದೆಲ್ಲವೂ ಕೈಸೇರಿತು.

೩

ಗಿರೀಶ ಕಾರ್ನಾಡರ (೧೯೩೮–೨೦೧೯) ‘ಹಯವದನ’ವು ೧೯೭೧ರ ಕೃತಿ. ಬೇತಾಳಕಥೆಯ ಬೀಜವನ್ನೂ, ಅದನ್ನೇ ಆಧರಿಸಿ ಜರ್ಮನ್ ಲೇಖಕ ಥಾಮಸ್ ಮಾನ್ ಬರೆದ ನೀಳ್ಗತೆಯನ್ನೂ ಅದು ಉಪಯೋಗಿಸಿಕೊಂಡಿದೆ. ದೇವದತ್ತ ಕಪಿಲರಿಬ್ಬರೂ ಕಾಳಿಯ ಗುಡಿಯಲ್ಲಿ ತಲೆಗಳನ್ನು ಕಡಿದುಕೊಳ್ಳುತ್ತಾರೆ. ಪದ್ಮಿನಿಯು ತಲೆಗಳನ್ನು ಜೋಡಿಸುವಾಗ ಅದಲುಬದಲಾಗುತ್ತದೆ. ಪ್ರಾಣವನ್ನು ಕೊಡುವವಳು ದೇವಿ. ಆದರೆ ತಲೆಗಳನ್ನು ಇಟ್ಟವು ಪದ್ಮಿನಿಯ ಕೈಗಳು. ಅದು ಕೈತಪ್ಪೋ ಮನದ ಬಯಕೆಯೋ ಎಂಬುದನ್ನು ಕವಿಯು ಬಿಡಿಸಿ ಹೇಳಿಲ್ಲ. ಬೇತಾಳನ ಪ್ರಶ್ನೆಯು ಗಂಡನಾರೆಂಬ ಧರ್ಮನಿರ್ಣಯವನ್ನು ಕುರಿತುದಾಗಿತ್ತು. ತಲೆಯೇ ಪ್ರಧಾನವೆಂದೊಡನೆ ಅಲ್ಲಿ ಕಥೆಯು ಮುಗಿಯುತ್ತಿತ್ತು. ಇಲ್ಲಿ ಆ ತೀರ್ಪು ಬಂದ ಮೇಲೆಯೇ ಕಥೆಯ ತಿರುಳು ಮೊದಲಾಗುತ್ತದೆ. ಹೊರಗಿನ ದೈವವು ಆಕಳಿಸಿ ಮರೆಯಾಗಿದೆ. ಉಳಿದುದು ಒಬ್ಬಳ ಬಯಕೆ ಮತ್ತು ಅದರ ಫಲ.

ಈ ಬಯಕೆಯನ್ನು ನುಡಿಸಲು ಕಾರ್ನಾಡರು ಹೂಡಿದ ಉಪಾಯವೇ ಮಗುವಿಗಾಗಿ ತಂದ ಜೋಡಿಗೊಂಬೆಗಳು. ಮೊದಮೊದಲು ಅವು ಮನೆವಾರ್ತೆಯ ಸಣ್ಣಪುಟ್ಟ ಸಂಗತಿಗಳನ್ನು ಆಡಿಕೊಳ್ಳುತ್ತವೆ. ಮೈಸೊಗಸು ತಂದುಕೊಂಡಿದ್ದ ದೇವದತ್ತನ ಅಂಗೈಗಳು ಮೆತ್ತಗಾಗುತ್ತಿರುವುದನ್ನು ಮೊದಲು ಗುರುತಿಸುವುವೂ ಅವೇ. ಅನಂತರ ಮಲಗಿದ ಪದ್ಮಿನಿಯ ಕನಸಿನೊಳಗೆ ಅವು ಇಣಿಕುತ್ತವೆ. ಅಲ್ಲಿ ಬಂದು ನಿಂತ ಒರಟುಮೈಯ ಪುರುಷನು ಗಂಡನಲ್ಲವೆಂಬುದನ್ನು ಒಂದಕ್ಕೊಂದು ಪಿಸುಗುಟ್ಟುತ್ತವೆ. ಇದಕ್ಕೆ ಬದಲಾಗಿ ಪದ್ಮಿನಿಯ ಬಾಯಿಂದಲೇ ಸ್ವಗತವೊಂದನ್ನು ಹೇಳಿಸಿದ್ದರೆ ಏನಾಗುತ್ತಿತ್ತು? ಸ್ವಗತವನ್ನಾಡುವ ಪಾತ್ರವು ತನ್ನ ಮನಸ್ಸನ್ನು ತಾನು ಬಲ್ಲುದು. ಪದ್ಮಿನಿಯು ಇನ್ನೂ ಬಲ್ಲವಳಲ್ಲ. ಬಲ್ಲೆನೆಂದು ಒಪ್ಪಿಕೊಳ್ಳುವವಳಂತೂ ಅಲ್ಲ. ಆದುದರಿಂದ ಅವಳು ಅರಿಯುವುದಕ್ಕೆ ಮೊದಲೇ ಪ್ರೇಕ್ಷಕನು ಅರಿಯಬೇಕಾದರೆ ಗೊಂಬೆಯೇ ಆಗಬೇಕು. ಮನೆಯ ಮೂಲೆಯಲ್ಲಿ ಬಿದ್ದಿದ್ದು ಎಲ್ಲವನ್ನೂ ಕಾಣುವ, ಆದರೆ ಯಾರ ಲಕ್ಷ್ಯಕ್ಕೂ ಬಾರದ ವಸ್ತುವದು. ಅಲ್ಲಿಯ ಅದ್ಭುತವು ಅಲಂಕಾರಮಾತ್ರವಲ್ಲ, ಅಗತ್ಯ.

ದೋಷವನ್ನೂ ಹೇಳಬೇಕು. ಪದ್ಮಿನಿಯ ಚಿತ್ತಕ್ಕೆ ದೊರೆತ ಬೆಳಕು ಗಂಡಸರಿಬ್ಬರ ಚಿತ್ತಗಳಿಗೆ ದೊರೆತಿಲ್ಲ. ಕಡೆಯಲ್ಲಿ ಒಬ್ಬರನ್ನೊಬ್ಬರು ಕೊಂದು ಸಾಯುವ ಅವರ ನಿಶ್ಚಯವು ಒಪ್ಪಂದದ ಷರತ್ತಿನಂತೆ ಬೇಗನೆ ಮುಗಿದುಹೋಗುತ್ತದೆ. ಆದರೂ ಅರ್ಧತೆರೆ, ಭಾಗವತ, ಗಣೇಶಸ್ತುತಿಗಳಿಂದ ಕೂಡಿದ ಬಯಲಾಟದ ಚೌಕಟ್ಟು ಇಲ್ಲಿ ಬರಿಯ ಸಿಂಗಾರವಾಗಿಲ್ಲ. ಅಂತರಂಗವು ಎಷ್ಟೇ ಒಡೆದರೂ ಅನಾಥವಾದ ಮಗುವನ್ನು ಎತ್ತಿಕೊಳ್ಳಲು ಊರಿನ ಭಾಗವತನೊಬ್ಬನು ಉಳಿದಿದ್ದಾನೆ.

೪

‘ನಾಗಮಂಡಲ’ವು (೧೯೮೮) ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದಕಥೆಗಳ ಮೇಲೆ ನಿಂತಿದೆ. ಊರಿನ ದೀಪಗಳೆಲ್ಲ ಆರಿದ ಮೇಲೆ ಜ್ಯೋತಿಗಳು ಹಾಳುಗುಡಿಯಲ್ಲಿ ಸೇರಿ ತಂತಮ್ಮ ಮನೆಗಳ ಗುಟ್ಟುಗಳನ್ನು ಮಾತಾಡಿಕೊಳ್ಳುತ್ತವೆ. ನಂಜನಗೂಡಿನ ಕಡೆಯ ನುಡಿಯಲ್ಲಿ ರಚಿತವಾದ ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿಯೂ (೧೯೮೪) ಜೋತಮ್ಮಗಳು ಹೀಗೆಯೇ ಮಾತನಾಡುತ್ತವೆಂಬುದನ್ನು ನೆನೆದರೆ, ಈ ಕಲ್ಪನೆಯು ಯಾವ ಘೋಷಣಾಪತ್ರದಿಂದಲೂ ಬಂದುದಲ್ಲವೆಂಬುದು ಸ್ಪಷ್ಟವಾಗುವುದು. ಮನೆಯ ಒಳಗುಟ್ಟನ್ನು ದೀಪವು ಬಲ್ಲುದೆಂಬ ಎಣಿಕೆಯು ಕನ್ನಡದ ಜನಮನದಲ್ಲಿ ಮೊದಲಿನಿಂದಲೂ ಇದ್ದುದೇ.

ರಾಣಿಯ ಗಂಡ ಅಪ್ಪಣ್ಣನು ಹಗಲು ಉಣ್ಣಲು ಮಾತ್ರ ಬರುತ್ತಾನೆ. ಬೀಗ ಹಾಕಿಕೊಂಡು ಹೋಗುತ್ತಾನೆ. ಕುರುಡವ್ವನು ಕೊಟ್ಟ ಬೇರನ್ನು ಬೆರಸಿದ ಸಾರು ಹುತ್ತದ ಪಾಲಾಗಲು, ನಾಗನು ಅದನ್ನು ಕುಡಿದು ಅಪ್ಪಣ್ಣನ ರೂಪಿನಿಂದ ಇರುಳು ಬರುತ್ತಾನೆ. ಹಗಲಿನ ಗಂಡನು ಕಠಿನ, ಇರುಳಿನ ಗಂಡನು ಕೋಮಲ. ಪ್ರಶ್ನೆ ಕೇಳಬಾರದೆಂಬುದು ಇರುಳಿನವನ ಕಟ್ಟಳೆ. ಅದ್ಭುತದ ನಿಯಮವು ಇದೇ. ಇಲ್ಲಿ ಓದುಗನು ಕೇಳಲೇಬೇಕಾದ ಪ್ರಶ್ನೆಯೊಂದುಂಟು: ರಾಣಿಗೆ ನಿಜವು ಗೊತ್ತಿತ್ತೆ? ನಾಗದಿವ್ಯದ ಸಮಯದಲ್ಲಿ ಅವಳು ಗಂಡನನ್ನೂ ಈ ನಾಗನನ್ನೂ ಬಿಟ್ಟು ಅನ್ಯರನ್ನು ಮುಟ್ಟಿಲ್ಲವೆಂದು ಆಣೆಯಿಡುತ್ತಾಳೆ. ಆ ಮಾತು ಅಕ್ಷರಶಃ ಸತ್ಯ. ಊರು ಅದನ್ನು ಪಾತಿವ್ರತ್ಯವೆಂದು ಕೇಳುತ್ತದೆ, ಪ್ರೇಕ್ಷಕನು ಬೇರೊಂದಾಗಿ ಕೇಳುತ್ತಾನೆ. ರಾಣಿಯು ಹೇಗೆ ಕೇಳಿದಳೆಂಬುದು ಅವಳೊಳಗೇ ಉಳಿಯುತ್ತದೆ. ಮನಸ್ಸನ್ನು ತೋರಿಸುವ ನಾಟಕವು ಮನಸ್ಸಿನ ಒಂದು ಕೋಣೆಗೆ ಬೀಗವನ್ನು ಹಾಗೆಯೇ ಬಿಟ್ಟಿದೆ. ಇದು ಕೊರತೆಯಲ್ಲ. ಬೀಗ ಹಾಕಿಸಿಕೊಂಡೇ ಬಾಳಿದವಳಿಗೆ ತಾನೇ ಹಾಕಿಕೊಂಡ ಬೀಗವೊಂದು ಇರಲೆಂಬ ಮರ್ಯಾದೆಯದು.

ಕೊರತೆಯು ಅಪ್ಪಣ್ಣನಲ್ಲಿದೆ. ಹೆಂಡತಿಯು ದೇವತೆಯಾದೊಡನೆ ಅವನು ತಲೆಬಾಗುತ್ತಾನೆ. ಆದರೆ ಅವನ ಕಾಠಿನ್ಯದ ಬೇರೇನೆಂಬುದಕ್ಕೆ ನಾಟಕದಲ್ಲಿ ಉತ್ತರವಿಲ್ಲ. ಆ ಉತ್ತರವನ್ನು ಎರಡು ವರ್ಷಗಳಷ್ಟು ಹಿಂದೆಯೇ ಚಂದ್ರಶೇಖರ ಕಂಬಾರರ ‘ಸಿರಿಸಂಪಿಗೆ’ಯು (೧೯೮೬) ಹುಡುಕಿದ್ದಿತು. ೧೯೯೧ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಈ ಕೃತಿಯಲ್ಲಿ ರಾಜಕುಮಾರನು ತನ್ನ ದೇಹವನ್ನೇ ಎರಡಾಗಿ ಸೀಳಿಸಿಕೊಳ್ಳುತ್ತಾನೆ. ಅವನ ಒಂದು ಪಾಲೇ ಹಾವಾಗಿ ಹೊರಬರುತ್ತದೆ. ಹಗಲಿನ ಗಂಡನೂ ಇರುಳಿನ ಹಾವೂ ಇಬ್ಬರಲ್ಲ, ಸೀಳಿದ ಒಬ್ಬನೇ ಎಂಬುದು ಅಲ್ಲಿಯ ದರ್ಶನ. ಒಂದು ನಾಟಕವು ಹೆಣ್ಣಿನ ಮನಸ್ಸನ್ನು, ಇನ್ನೊಂದು ಗಂಡಿನ ಮನಸ್ಸನ್ನು ಒಂದೇ ಹಾವಿನಿಂದ ಅಳೆದಿವೆ. ಅಧ್ಯಾಪಕರು ಇವೆರಡನ್ನೂ ಬೇರೆ ಬೇರೆ ಪಠ್ಯಗಳನ್ನಾಗಿ ಬೋಧಿಸದೆ ಒಟ್ಟಿಗೆ ಇರಿಸಿ ಓದಿಸುವುದು ಲೇಸು.

೫

ಜಾನಪದದ ಹಾವು ಗೊಂಬೆಗಳನ್ನು ಬಿಟ್ಟು ಕಾರ್ನಾಡರು ದಾಖಲೆಯ ಕನಸಿಗೆ ಕೈಹಾಕಿದುದು ಟಿಪ್ಪೂ ಸುಲ್ತಾನನನ್ನು ಕುರಿತ ನಾಟಕದಲ್ಲಿ. ಟಿಪ್ಪುವು ತನ್ನ ಮೂವತ್ತೇಳು ಕನಸುಗಳನ್ನು ಪಾರಸಿಯಲ್ಲಿ ಸ್ವಹಸ್ತದಿಂದ ಬರೆದಿಟ್ಟಿದ್ದನು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಆ ಪುಸ್ತಕವು ಅರಮನೆಯಲ್ಲಿ ದೊರೆತು ಲಂಡನ್ನಿಗೆ ಹೋಯಿತು. ಚರಿತ್ರೆಯು ಸೋತವನೆಂದು ಬರೆದವನ ಒಳಗನ್ನು ಅವನದೇ ಬರಹದಿಂದ ತೋರಿಸುವ ಈ ಯತ್ನವು ಸ್ತುತ್ಯವಾದುದು. ಆದರೆ ಇಲ್ಲಿ ಕನಸು ಕನಸಾಗಿಯೇ ಉಳಿದು, ಎಚ್ಚರದ ಘಟನೆಗಳ ನಡುವೆ ಉಲ್ಲೇಖದಂತೆ ಬಂದುಹೋಗುತ್ತದೆ. ರಂಗವೆಲ್ಲವೂ ಚಿತ್ತವಾಗಿ ಮಾರ್ಪಡುವುದಿಲ್ಲ.

ಆ ಮಾರ್ಪಾಡು ಪೂರ್ಣವಾದುದು ೨೦೦೫ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಪ್ರಯೋಗಗೊಂಡ ‘ಒಡಕಲು ಬಿಂಬ’ದಲ್ಲಿ. ಕನ್ನಡದ ಕಥೆಗಾರ್ತಿ ಮಂಜುಳಾ ನಾಯಕ್ ಇಂಗ್ಲಿಷಿನಲ್ಲಿ ಬರೆದ ಕಾದಂಬರಿಯಿಂದ ವಿಶ್ವವಿಖ್ಯಾತಳಾಗಿದ್ದಾಳೆ. ಟೆಲಿವಿಷನ್ ಸ್ಟುಡಿಯೋ ಒಂದರಲ್ಲಿ ಕುಳಿತು ಅವಳು ತನ್ನ ಕೃತಿಯನ್ನು ಕುರಿತು ಭಾಷಣ ಮಾಡಿ ಮುಗಿಸುತ್ತಾಳೆ. ಹೊರಡಲು ಎದ್ದಾಗ ಪರದೆಯ ಮೇಲೆ ಉಳಿದಿದ್ದ ಅವಳ ಬಿಂಬವೇ ಅವಳನ್ನು ತಡೆದು ಮಾತಿಗೆ ತೊಡಗುತ್ತದೆ. ಒಂದೊಂದು ಪ್ರಶ್ನೆಗೂ ಒಂದೊಂದು ಪದರವು ಕಳಚುತ್ತದೆ: ಗಾಲಿಕುರ್ಚಿಯಲ್ಲೇ ಬಾಳು ಸವೆಸಿದ ತಂಗಿ ಮಾಲಿನಿ, ಅವಳಿಗೂ ಮಂಜುಳೆಯ ಗಂಡ ಪ್ರಮೋದನಿಗೂ ಇದ್ದ ಸಲಿಗೆ, ತೀರಿಹೋದ ತಂಗಿಯು ಬಿಟ್ಟುಹೋದ ಬರವಣಿಗೆ. ಕೀರ್ತಿ ತಂದ ಕಾದಂಬರಿಯು ಮಾಲಿನಿಯದೇ ಎಂಬುದು ಕಡೆಗೆ ಬಯಲಾಗುತ್ತದೆ.

ತಿಪ್ಪಸಂದ್ರದ ರೈತನು ಬಲ್ಲ ಹಂಸವನ್ನು ಈಗ ನೆನೆಯಬೇಕು. ಅಲ್ಲಿ ಚಿತ್ರವು ಕದ್ದಿತು, ಮನುಷ್ಯನು ನಿರಪರಾಧಿ. ಇಲ್ಲಿ ಮನುಷ್ಯಳು ಕದ್ದಳು, ಚಿತ್ರವು ಸಾಕ್ಷಿ ನುಡಿಯುತ್ತದೆ. ಅಲ್ಲಿ ಅಪವಾದವು ಹೊರಗಿನಿಂದ ಬಂದಿತು, ಬಿಡುಗಡೆಯೂ ಹೊರಗಿನಿಂದಲೇ ಬಂದಿತು. ಇಲ್ಲಿ ಆರೋಪಿ, ಸಾಕ್ಷಿ, ನ್ಯಾಯಾಧೀಶ ಮೂವರೂ ಒಬ್ಬಳೇ; ಆದುದರಿಂದ ಬಿಡುಗಡೆ ಮಾಡುವವರು ಯಾರೂ ಇಲ್ಲ. ಏಳೂವರೆ ವರ್ಷಗಳ ಅವಧಿಯೂ ಇಲ್ಲ. ಗ್ರಹವನ್ನು ಒಳಗೆ ಕೂರಿಸಿಕೊಂಡವನಿಗೆ ಶಾಂತಿಕರ್ಮವಿಲ್ಲವೆಂಬುದೇ ಈ ನಾಟಕದ ಕರುಣಾಜನಕವಾದ ಅರ್ಥ. ಐರೋಪ್ಯ ನಾಟಕದಲ್ಲಿ ಬೆಕೆಟ್ಟನ ಮುದುಕ ಕ್ರಾಪನು (೧೯೫೮) ಧ್ವನಿಸುರುಳಿಯಲ್ಲಿ ತನ್ನ ಹಿಂದಿನ ದನಿಯನ್ನು ತಾನೇ ಕೇಳುತ್ತಾನೆ. ಆದರೆ ಸುರುಳಿಯು ಅವನಿಗೆ ಮರುಮಾತು ಕೊಡದು. ಕೇಳಿ ಮರುಗುವುದಷ್ಟೇ ಅವನ ಪಾಡು. ಮಂಜುಳೆಯ ಬಿಂಬವು ಪ್ರಶ್ನೆ ಕೇಳುತ್ತದೆ, ಅವಳ ಸುಳ್ಳನ್ನು ಹಿಡಿದು ನಿಲ್ಲಿಸುತ್ತದೆ. ಈ ವಾದಪ್ರತಿವಾದದ ಬಿಸಿಯು ಕನ್ನಡ ನಾಟಕದ ಸ್ವಂತ ಸಂಪತ್ತು.

ಮೇಲಾಗಿ ಇಲ್ಲಿ ಭಾಷೆಯೂ ಚಿತ್ತದ ಭಾಗವಾಗಿದೆ. ಕನ್ನಡದಲ್ಲಿ ಬರೆಯುವವಳ ಹೆಸರು ಇಂಗ್ಲಿಷಿನಲ್ಲಿ ಬೆಳಗಿದುದೇಕೆಂಬ ಸಾರ್ವಜನಿಕ ವಿವಾದವು ಒಬ್ಬಳ ಅಂತಃಸಾಕ್ಷಿಯ ಪ್ರಶ್ನೆಯಾಗಿ ಮಾರ್ಪಟ್ಟಿದೆ. ಸಭೆಯಲ್ಲಿ ಸಮರ್ಥಿಸಿಕೊಂಡುದನ್ನು ಅವಳು ತನ್ನ ಬಿಂಬದೆದುರು ಸಮರ್ಥಿಸಿಕೊಳ್ಳಲಾರಳು.

ದೋಷಗಳೂ ಉಂಟು. ಪದರಗಳನ್ನು ಕಳಚುವ ಕ್ರಮವು ಪತ್ತೇದಾರಿ ಕಥೆಯ ಕ್ರಮಕ್ಕೆ ಹತ್ತಿರವಾದುದರಿಂದ, ಗುಟ್ಟು ತಿಳಿದ ಮೇಲೆ ಮರುದರ್ಶನದಲ್ಲಿ ನಾಟಕದ ಬಿಗಿಯು ಅಲ್ಲಲ್ಲಿ ಸಡಿಲವಾಗುತ್ತದೆ. ಇದಕ್ಕಿಂತ ಗಂಭೀರವಾದುದು ಮಾಲಿನಿಯ ಪ್ರಶ್ನೆ. ನಿಜವಾದ ಲೇಖಕಿಯು ರಂಗದ ಮೇಲೆ ಒಮ್ಮೆಯೂ ಬರುವುದಿಲ್ಲ. ಕದ್ದವಳ ನೆನಪಿನಿಂದಲೇ ಅವಳನ್ನು ಅರಿಯಬೇಕು. ಕೊನೆಯಲ್ಲಿ ಬಿಂಬವು ತಾನೇ ಮಾಲಿನಿಯೆಂದು ಸಾರುವಾಗ ಅದು ತಂಗಿಯ ಗೆಲವೋ ಅಕ್ಕನ ಎರಡನೆಯ ಕಳವೋ ಎಂಬ ಸಂದೇಹವು ಉಳಿಯುತ್ತದೆ. ಬರಹವನ್ನು ಕದ್ದವಳು ಈಗ ಹೆಸರನ್ನೂ ದನಿಯನ್ನೂ ಕದಿಯುತ್ತಿಲ್ಲವೆ? ಆ ಸಂದೇಹವನ್ನು ಎಬ್ಬಿಸಿದುದು ನಾಟಕದ ಶಕ್ತಿಯೇ ಆದರೂ, ಮಾಲಿನಿಗೆ ನ್ಯಾಯವು ದೊರೆತಿತೆಂದು ಹೇಳಲಾಗದು.

೬

ಇಷ್ಟರಿಂದ ಎರಡು ಆಕ್ಷೇಪಗಳಿಗೂ ಉತ್ತರವು ದೊರೆಯುತ್ತದೆ. ಅದ್ಭುತವು ಎರವಿನದಲ್ಲ, ಹಂಸ, ಗೊಂಬೆ, ದೀಪ, ಹಾವು ಎಲ್ಲವೂ ಮನೆಯವೇ. ಪಾಶ್ಚಾತ್ಯರಿಂದ ಬಂದುದು ಅದ್ಭುತವನ್ನು ಒಳಮುಖವಾಗಿ ತಿರುಗಿಸುವ ಧೈರ್ಯ. ಅದನ್ನೂ ಕನ್ನಡದ ನಾಟಕಕಾರರು ತಮ್ಮ ವಸ್ತುವಿಗೆ ತಕ್ಕಂತೆ ಹದಗೊಳಿಸಿಕೊಂಡರು. ದುರ್ಬೋಧತೆಯ ಮಾತೂ ಹಾಗೆಯೇ. ಪ್ರೇಕ್ಷಕನು ಹಿಂಜರಿಯುವುದು ಬುದ್ಧಿಗೆಟುಕದೆಂದಲ್ಲ, ತಪ್ಪನ್ನು ಹೊರಿಸಲು ಹೊರಗೆ ಯಾರೂ ದೊರೆಯದುದರಿಂದ. ಶನಿಮಹಾತ್ಮೆಯಿಂದ ಮನೆಗೆ ಮರಳಿದವನು ಗ್ರಹಕ್ಕೆ ಕೈಮುಗಿದು ನಿಶ್ಚಿಂತನಾಗಿ ಮಲಗಬಹುದು. ಒಡಕಲು ಬಿಂಬವನ್ನು ನೋಡಿ ಮರಳಿದವನು ಕನ್ನಡಿಯ ಮುಂದೆ ಒಂದು ಗಳಿಗೆ ನಿಲ್ಲಬೇಕಾಗುತ್ತದೆ.

ಆದರೆ ಈ ಪಯಣದಲ್ಲಿ ಗಳಿಕೆಯೊಂದಿಗೆ ನಷ್ಟವೂ ಉಂಟೆಂಬುದನ್ನು ಮರೆಯಬಾರದು. ಹಯವದನದಲ್ಲಿ ಭಾಗವತನಿದ್ದನು, ನಾಗಮಂಡಲದಲ್ಲಿ ಜ್ಯೋತಿಗಳ ಬಳಗವಿದ್ದಿತು, ಒಡಕಲು ಬಿಂಬದಲ್ಲಿ ಬರಿಯ ಪರದೆಗಳು. ಮನಸ್ಸು ತನಗೆ ತಾನೇ ಹೊಣೆಯಾಯಿತು, ಅದು ಗಳಿಕೆ. ಅದರೊಡನೆ ಮನಸ್ಸು ಒಂಟಿಯೂ ಆಯಿತು, ಅದು ನಷ್ಟ. ಮಂಗಳವನ್ನು ಹಾಡುವವರಿಲ್ಲದ ರಂಗದಲ್ಲಿ ಕಥೆಯು ಮುಗಿಯುವುದಿಲ್ಲ, ನಿಲ್ಲುತ್ತದೆ ಅಷ್ಟೆ. ಹೊಣೆಯನ್ನು ಬಿಡದೆ ಭಾಗವತನನ್ನು ಮತ್ತೆ ಕರೆತರುವ ನಾಟಕವು ಮುಂದಿನ ನಾಟಕಕಾರರಿಗೆ ಉಳಿದಿರುವ ಕೆಲಸ.

ಅಧ್ಯಾಪಕರಿಗೆ ಉಳಿದಿರುವ ಕೆಲಸವು ಇದಕ್ಕಿಂತ ಸುಲಭವಾದುದು. ಅತಿವಾಸ್ತವವೆಂಬ ಪದದ ಅರ್ಥವನ್ನು ಹಲಗೆಯ ಮೇಲೆ ಬರೆಯುವ ಮೊದಲು, ಗೋಡೆಯ ಹಂಸವು ಹಾರವನ್ನು ನುಂಗಿದ ಕಥೆಯನ್ನು ಹೇಳಲಿ. ಹಾರವನ್ನು ಕದ್ದವರು ಯಾರೆಂದು ವಿದ್ಯಾರ್ಥಿಗಳನ್ನು ಕೇಳಲಿ. ಅವರ ಉತ್ತರದಿಂದಲೇ ಪಾಠವು ಮೊದಲಾಗುವುದು.